ಮೈಕ್ರೋಮೀಟರ್ ಒಂದು, ಕೈ ಮೂರು: ಅಳತೆಯನ್ನು ನಂಬಬಹುದಾ ಅಂತ ನೋಡುವುದು ಹೇಗೆ

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುವುದು ನನ್ನ ಕೆಲಸ. ಒಮ್ಮೆ ನಾವು ಕಳಿಸಿದ 20 ಮಿ.ಮೀ. ಶಾಫ್ಟ್‌ಗಳ ಲಾಟ್ ಪೂರ್ತಿ ವಾಪಸ್ ಬಂತು. ನಮ್ಮ ಹಾಳೆಯಲ್ಲಿ ಎಲ್ಲವೂ ಓಕೆ, ಗಿರಾಕಿಯ ಹಾಳೆಯಲ್ಲಿ ಓವರ್‌ಸೈಜ್. ಎಲ್ಲರೂ ಗ್ರೈಂಡಿಂಗ್ ಮಷೀನ್ ಕಡೆ ಬೆರಳು ತೋರಿಸಿದರು. ಮಷೀನಿಗೆ ಏನೂ ಆಗಿರಲಿಲ್ಲ. ತಪ್ಪು ರೀಡಿಂಗ್ ನೋಡಿಕೊಂಡು ನಾವೇ ಮಷೀನಿಗೆ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಡುತ್ತಿದ್ದೆವು.

ಶಾಫ್ಟ್ ದಪ್ಪ ಅಳೆಯುವ ಮೈಕ್ರೋಮೀಟರಿಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆದರೆ ಅದು ಲ್ಯಾಬ್‌ನಲ್ಲಿ, ಪಳಗಿದ ಒಂದು ಕೈಯಲ್ಲಿ ಉಪಕರಣ ಹೇಗಿತ್ತು ಅಂತ ಹೇಳುತ್ತದೆ. ನಮ್ಮ ಮೂರು ಶಿಫ್ಟ್‌ನ ಮೂರು ಕೈಗಳಲ್ಲಿ ಹೇಗಿರುತ್ತದೆ ಅಂತ ಹೇಳುವುದಿಲ್ಲ. ಅದನ್ನು ತಿಳಿಯಲು ಗೇಜ್ ಆರ್ ಅಂಡ್ ಆರ್ ಮಾಡಬೇಕು, ಅಂದರೆ ಒಬ್ಬರೇ ಮತ್ತೆ ಮತ್ತೆ ಅಳೆದಾಗ, ಬೇರೆ ಬೇರೆಯವರು ಅಳೆದಾಗ ರೀಡಿಂಗ್ ಎಷ್ಟು ಬದಲಾಗುತ್ತದೆ ಅಂತ ನೋಡುವ ಪರೀಕ್ಷೆ. ಅರ್ಧ ದಿನದ ಕೆಲಸ, ಅಷ್ಟೇ.

ಮೊದಲು ಲೀಸ್ಟ್ ಕೌಂಟ್, ಅಂದರೆ ಉಪಕರಣ ತೋರಿಸುವ ಅತಿ ಚಿಕ್ಕ ಅಳತೆ, ನೋಡಿ. ಅದು ಟಾಲರೆನ್ಸ್‌ನ (ಅಳತೆಯಲ್ಲಿ ಒಪ್ಪುವ ಹೆಚ್ಚು-ಕಡಿಮೆಯ) ಹತ್ತನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು. ನಮ್ಮ ಟಾಲರೆನ್ಸ್ ±0.02 ಮಿ.ಮೀ., ಅಂದರೆ ಒಟ್ಟು 40 ಮೈಕ್ರಾನ್ (ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್). 10 ಮೈಕ್ರಾನ್ ತೋರಿಸುವ ಮೈಕ್ರೋಮೀಟರ್ ಇಲ್ಲಿ ಸಾಲದು, 1 ಮೈಕ್ರಾನ್‌ನದು ಬೇಕು.

ಆಮೇಲೆ ಹತ್ತು ಶಾಫ್ಟ್ ಆರಿಸಿ. ಜಾಸ್ತಿ ಜನ ಎಡವುವುದು ಇಲ್ಲೇ. ಸುಮ್ನೆ ಒಂದೇ ಟ್ರೇಯಿಂದ ಹತ್ತು ಎತ್ತಿಕೊಳ್ಳಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಶಿಫ್ಟ್‌ನ ಪೀಸ್‌ಗಳಿರಲಿ, ಚಿಕ್ಕದೂ ಇರಲಿ, ದೊಡ್ಡದೂ ಇರಲಿ. ಪ್ರತಿ ಶಾಫ್ಟ್‌ನಲ್ಲೂ ಎಲ್ಲಿ ಅಳೆಯಬೇಕು ಅಂತ ಮಾರ್ಕರ್‌ನಿಂದ ಗುರುತು ಹಾಕಿ. ಇಲ್ಲದಿದ್ದರೆ ಶಾಫ್ಟ್‌ನ ಟೇಪರ್ (ಉದ್ದಕ್ಕೂ ದಪ್ಪ ಬದಲಾಗುವುದು), ಓವ್ಯಾಲಿಟಿ (ಪೂರ್ತಿ ದುಂಡಗಿಲ್ಲದಿರುವುದು) ಎಲ್ಲ ಅಳೆಯುವವರ ತಲೆಗೆ ಬರುತ್ತದೆ. ಅದು ಅನ್ಯಾಯ ಅಲ್ವಾ? ಗ್ರೈಂಡಿಂಗ್‌ನಿಂದ ಬಿಸಿಬಿಸಿಯಾಗಿ ಬಂದ ಪೀಸ್ ಕೂಡ ಬೇಡ. ಉಕ್ಕು ಒಂದು ಡಿಗ್ರಿಗೆ, ಒಂದು ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 15 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ನಮ್ಮ 20 ಮಿ.ಮೀ. ಶಾಫ್ಟ್ ಮೂರೂವರೆ ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ.

ದಿನವೂ ಅಳೆಯುವ ಮೂವರನ್ನೇ ಕರೆಯಿರಿ. ಸ್ಲಿಪ್ ಗೇಜ್ (ನಿಖರ ಅಳತೆಯ ಉಕ್ಕಿನ ತುಂಡು) ಇಟ್ಟು ಮೈಕ್ರೋಮೀಟರ್ ಸೆಟ್ ಮಾಡಿ. ಪ್ರತಿಯೊಬ್ಬರೂ ಹತ್ತು ಶಾಫ್ಟ್‌ಗಳನ್ನು ಮೂರು ಸಲ ಅಳೆಯಲಿ. ಸುತ್ತಿನಿಂದ ಸುತ್ತಿಗೆ ಕ್ರಮ ಬದಲಿಸಿ. ರೀಡಿಂಗ್ ನೀವೇ ಬರೆದುಕೊಳ್ಳಿ, ಹಿಂದಿನ ರೀಡಿಂಗ್ ಅವರಿಗೆ ಕಾಣಬಾರದು. ನಮ್ಮ ಹಿರಿಯ ಆಪರೇಟರ್ ಬೇಜಾರು ಮಾಡಿಕೊಂಡರು. "ಮೇಡಂ, ಇಷ್ಟು ವರ್ಷದ ಮೇಲೆ ನನಗೆ ಪರೀಕ್ಷೆನಾ?" ಅಂದರು. "ಪರೀಕ್ಷೆ ನಿಮಗಲ್ಲ ಅಣ್ಣ, ನಾವು ಅಳೆಯುವ ರೀತಿಗೆ" ಅಂದೆ. ಈ ಮಾತನ್ನು ಮೊದಲೇ ಹೇಳಿಬಿಡಿ. ಹೆದರಿದ ಕೈ ದಿನದ ಹಾಗೆ ಅಳೆಯುವುದಿಲ್ಲ.

ಈಗ ಲೆಕ್ಕ. ಒಬ್ಬರು ಒಂದೇ ಶಾಫ್ಟ್ ಮೂರು ಸಲ ಅಳೆದಾಗ ಬಂದ ದೊಡ್ಡ ರೀಡಿಂಗ್‌ನಲ್ಲಿ ಚಿಕ್ಕದನ್ನು ಕಳೆದರೆ ರೇಂಜ್. ಇಂಥ 30 ರೇಂಜ್‌ಗಳ ಸರಾಸರಿ ನಮಗೆ 4 ಮೈಕ್ರಾನ್ ಬಂತು. ಅದನ್ನು ಮೂರು ಸಲದ ಅಳತೆಗೆ ಇರುವ ಸ್ಥಿರಾಂಕ 0.5908ರಿಂದ ಗುಣಿಸಿದರೆ 2.36. ಇದು ಉಪಕರಣದ ಪಾಲು. ಮೂವರ ಒಟ್ಟು ಸರಾಸರಿಗಳಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ 6 ಮೈಕ್ರಾನ್ ವ್ಯತ್ಯಾಸವಿತ್ತು. ಅದನ್ನು ಮೂವರಿಗೆ ಇರುವ ಸ್ಥಿರಾಂಕ 0.5231ರಿಂದ ಗುಣಿಸಿದರೆ 3.14. ಅದರ ವರ್ಗದಿಂದ ಉಪಕರಣದ ಪಾಲಿನ ವರ್ಗದ ಮೂವತ್ತನೇ ಒಂದು ಭಾಗ ಕಳೆದು ವರ್ಗಮೂಲ ತೆಗೆದರೆ 3.11. ಇದು ಕೈಗಳ ಪಾಲು. ಎರಡೂ ಪಾಲುಗಳ ವರ್ಗ ಕೂಡಿ ವರ್ಗಮೂಲ ತೆಗೆದಾಗ 3.9 ಬಂತು. ಅದರ ಆರು ಪಟ್ಟು 23.4. ಟಾಲರೆನ್ಸ್ 40ರಲ್ಲಿ ಇದು ಶೇ. 59! ವಾಹನ ಉದ್ಯಮ ಪಾಲಿಸುವ ಎಐಎಜಿ ಕೈಪಿಡಿಯ ಪ್ರಕಾರ ಶೇ. 10ರ ಒಳಗಿದ್ದರೆ ಒಳ್ಳೆಯದು, 10ರಿಂದ 30 ಇದ್ದರೆ ಕೆಲಸ ನೋಡಿ ಒಪ್ಪಬಹುದು, 30 ದಾಟಿದರೆ ಒಪ್ಪುವಂತಿಲ್ಲ.

ಯಾವ ಪಾಲು ದೊಡ್ಡದು ಅಂತ ನೋಡಿದರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಉಪಕರಣದ ಪಾಲು ದೊಡ್ಡದಿದ್ದರೆ ಆನ್ವಿಲ್ (ಅಲುಗದ ಮುಖ) ಸವೆದಿದೆಯಾ, ಸ್ಪಿಂಡಲ್ (ಮುಂದೆ ಬರುವ ಕಡ್ಡಿ) ಸಡಿಲವಾಗಿದೆಯಾ, ಮುಖಕ್ಕೆ ಗ್ರೈಂಡಿಂಗ್ ಕೊಳೆ ಮೆತ್ತಿದೆಯಾ ನೋಡಿ. ನಮ್ಮಲ್ಲಿ ಕೈಗಳ ಪಾಲು ದೊಡ್ಡದಿತ್ತು. ಅಳೆಯುವಾಗ ಪಕ್ಕದಲ್ಲಿ ನಿಂತು ನೋಡಿದೆ. ಒಬ್ಬರು ರ‍್ಯಾಚೆಟ್ (ಒತ್ತಡ ಮಿತಿ ಮೀರದಂತೆ ಟಿಕ್ ಅಂತ ಜಾರುವ ತುದಿಯ ಗುಬ್ಬಿ) ಮುಟ್ಟುತ್ತಲೇ ಇರಲಿಲ್ಲ, ಥಿಂಬಲ್ (ತಿರುಗಿಸುವ ಹಿಡಿ) ಹಿಡಿದು ಬಿಗಿ ಮಾಡುತ್ತಿದ್ದರು. ರೀಡಿಂಗ್ ಕಡಿಮೆ ಬರುತ್ತಿತ್ತು, ದಪ್ಪ ಶಾಫ್ಟ್ ಪಾಸಾಗುತ್ತಿತ್ತು.

ಅವರನ್ನು ಯಾರೂ ಬೈಯಲಿಲ್ಲ. ಅವರಿಗೆ ರ‍್ಯಾಚೆಟ್ ಯಾಕಿದೆ ಅಂತ ಯಾರೂ ಹೇಳಿಕೊಟ್ಟಿರಲೇ ಇಲ್ಲ. ಮೂವರಿಗೂ ಒಂದೇ ರೀತಿ ಕಲಿಸಿದೆವು: ಮುಖ ಒರೆಸುವುದು, ಮೂರು ಸಲ ಟಿಕ್ ಅನ್ನಿಸುವುದು, ಆಮೇಲೆ ಓದುವುದು. ಮೈಕ್ರೋಮೀಟರನ್ನು ಸ್ಟ್ಯಾಂಡ್‌ಗೆ ಕೂರಿಸಿದೆವು. ವಾರ ಬಿಟ್ಟು ಅದೇ ಹತ್ತು ಶಾಫ್ಟ್ ಅಳೆದಾಗ ರೇಂಜ್ ಸರಾಸರಿ 1.5ಕ್ಕೆ, ಸರಾಸರಿಗಳ ವ್ಯತ್ಯಾಸ 0.8ಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ ಶೇ. 14.5. ಈ ಶಾಫ್ಟ್‌ಗೆ ಸಾಕು ಅಂತ ಒಪ್ಪಿದೆವು.

ಆ ಹತ್ತು ಶಾಫ್ಟ್‌ಗಳಿಗೆ ಎಣ್ಣೆ ಹಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹೊಸಬರು ಸೇರಿದರೆ, ಮೈಕ್ರೋಮೀಟರ್ ರಿಪೇರಿಯಾಗಿ ಬಂದರೆ, ಅಥವಾ ಅದು ಕೆಳಗೆ ಬಿದ್ದರೆ ಡಬ್ಬಿ ಮತ್ತೆ ಟೇಬಲ್ ಮೇಲೆ ಬರುತ್ತದೆ.