ಊರಿನ ಹಳೇ ಕಥೆ ಹುಡುಕೋಕೆ ಹೋದಾಗ ನಾನು ಇತಿಹಾಸ ಅನ್ನೋ ಮಾತೇ ಎತ್ತಲ್ಲ

ಹಳೇ ಮೈಸೂರು ಕಡೆ ಯಾವ ಸಣ್ಣ ಊರಿಗೆ ಬೇಕಾದ್ರೂ ಹೋಗಿ "ನಿಮ್ಮೂರಿನ ಇತಿಹಾಸ ಏನಜ್ಜ" ಅಂತ ಕೇಳಿ, ಸಿಗೋ ಉತ್ತರ ಹೆಚ್ಚುಕಮ್ಮಿ ಒಂದೇ: ಪಾಂಡವರು ವನವಾಸಕ್ಕೆ ಬಂದಿದ್ರು, ಗುಡಿ ಕಟ್ಟಿದ್ದು ಜಕಣಾಚಾರಿ, ಗುಡ್ಡದ ಸುರಂಗ ಸೀದಾ ಶ್ರೀರಂಗಪಟ್ಟಣಕ್ಕೆ ಹೋಗತ್ತೆ. ಕ್ಯಾಮೆರಾ ಹಿಡ್ಕೊಂಡು ಬಂದೋರಿಗೆ ಅಂತಾನೇ ಎತ್ತಿಟ್ಟಿರೋ ಉತ್ತರ ಅದು. ಅದಕ್ಕೇ ನಾನು ಕೇಳೋದೇ ಬೇರೆ. ಹಬ್ಬದಲ್ಲಿ ಮೊದಲ ಎಡೆ ಎಲ್ಲಿಗೆ ಹೋಗತ್ತೆ, ಅದನ್ನ ಯಾವ ಮನೆಯೋರು ಇಡ್ತಾರೆ, ಉತ್ಸವ ಸುಮ್ನೆ ಯಾವ ಬಯಲಲ್ಲಿ ಒಂದ್ನಿಮಿಷ ನಿಂತು ಮುಂದೆ ಹೋಗತ್ತೆ, ಯಾವ ಹೊಲದಲ್ಲಿ ರಾತ್ರಿ ಮಲಗಬಾರದು ಅಂತಾರೆ, ಯಾವ ಊರಿಗೆ ಹೆಣ್ಣು ಕೊಡಲ್ಲ. ಇಂಥದ್ದಕ್ಕೆ ಯಾರೂ ಕಥೆ ಕಟ್ಟಲ್ಲ, ಮಾಡ್ತಾ ಬಂದಿದ್ದನ್ನ ಹೇಳ್ತಾರೆ ಅಷ್ಟೆ, ಮತ್ತೆ ಇದನ್ನ ಗಂಡಸರಿಗಿಂತ ಹೆಂಗಸರನ್ನ ಕೇಳೋದೇ ವಾಸಿ, ಯಾಕಂದ್ರೆ ಎಡೆ ಹೊತ್ಕೊಂಡು ಹೋಗೋದು ಅವರು.

ಹೊರಡೋ ಮುಂಚೆ ಮನೇಲೇ ಕೂತು ಮಾಡೋ ಕೆಲಸ ಎರಡಿದೆ. ಒಂದು ಎಪಿಗ್ರಾಫಿಯಾ ಕರ್ನಾಟಿಕಾ, ಅಂದ್ರೆ ಊರೂರಿನ ಶಾಸನಗಳನ್ನ ಅಚ್ಚು ಹಾಕಿಸಿರೋ ಸಂಪುಟಗಳು. ಬಿ. ಎಲ್. ರೈಸ್ ಶುರು ಮಾಡಿದ್ದು, ಮೊದಲ ಸಂಪುಟ ಕೊಡಗಿನದು, 1886ರಲ್ಲಿ ಬಂತು, ಆಮೇಲೆ ಹಾಸನಕ್ಕೆ 5, ಕೋಲಾರಕ್ಕೆ 10, ತುಮಕೂರಿಗೆ 12 ಹೀಗೆ ಜಿಲ್ಲಾವಾರು. ಒಳಗೆ ತಾಲ್ಲೂಕುವಾರು ನಂಬರ್ ಇರತ್ತೆ, ಕಲ್ಲು ಆಗ ಎಲ್ಲಿತ್ತು ಅಂತಾನೂ ಹಾಕಿರ್ತಾರೆ: ಕೆರೆ ಏರಿ ಮೇಲೆ, ಬಸವಣ್ಣನ ಗುಡಿ ಮುಂದೆ, ಇಂಥಾ ಹೊಲದಲ್ಲಿ. ಆ ಒಂದು ಸಾಲು ಇಟ್ಕೊಂಡು ಹುಡುಕಿದ್ರೆ ಎಷ್ಟೋ ಸಲ ಕಲ್ಲು ಈಗ ತೂಬಿನ ಚಪ್ಪಡಿಯಾಗಿರತ್ತೆ, ಇಲ್ಲಾ ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಾಗಿರತ್ತೆ.

ಇನ್ನೊಂದು ಗ್ರಾಮ ನಕ್ಷೆ. ಸರ್ವೆ ಇಲಾಖೆ ಸೈಟಲ್ಲೇ ಡೌನ್‌ಲೋಡ್ ಆಗತ್ತೆ, ಜಾಗದಲ್ಲಿ ನಿಂತಾಗ ಸರ್ವೆ ನಂಬರ್ ನೋಡೋಕೆ ದಿಶಾಂಕ್ ಆ್ಯಪ್ ಸಾಕು. ಇದ್ರಲ್ಲಿ ನಾನು ಮೊದಲು ಹುಡುಕೋದು ಬೇಚರಾಕ್ ಗ್ರಾಮಗಳನ್ನ, ಅಂದ್ರೆ ದಾಖಲೆಯಲ್ಲಿ ಊರಿನ ಹೆಸರಿದೆ, ಗಡಿ ಇದೆ, ಮನೆ ಮಾತ್ರ ಒಂದೂ ಇಲ್ಲ. ಅಲ್ಲೊಂದು ಹಾಳು ಗುಡಿ, ಒಂದು ಬಾವಿ, ನೆಲದಲ್ಲಿ ಮಡಕೆ ಚೂರು ಇದ್ದೇ ಇರತ್ತೆ, ವರ್ಷಕ್ಕೊಂದು ಸಲ ಪಕ್ಕದೂರಿನ ನಾಲ್ಕೈದು ಮನೆಯೋರು ಅಲ್ಲಿಗೆ ಹೋಗಿ ಅಮ್ಮನಿಗೆ ಪೂಜೆ ಮಾಡಿ ಬರ್ತಾರೆ. ಆ ಮನೆಗಳೋರನ್ನ ಹಿಡಿದ್ರೆ ಊರು ಯಾಕೆ ಹಾಳಾಯ್ತು ಅನ್ನೋದು ಮೆಲ್ಲಗೆ ಬಿಚ್ಕೊಳತ್ತೆ.

ಅಂಥಾ ಒಂದು ಕಡೆ ಸಿಕ್ಕಿದ್ದು ಹೇಳ್ಬೇಕು. ಎಣ್ಣೆ ಕುಂಕುಮ ಮೆತ್ತಿ ಮೆತ್ತಿ ಕಪ್ಪಾಗಿದ್ದ ಕಲ್ಲು, ಊರೋರಿಗೆ ಅದು ಈರಪ್ಪ. ದನಕ್ಕೆ ಹುಷಾರಿಲ್ದಿದ್ರೆ ಬಂದು ಬೆಣ್ಣೆ ಹಚ್ಚಿ ಹೋಗ್ತಾರೆ. ಯಾಕೆ ದನಕ್ಕೇ ಅಂದ್ರೆ ಒಬ್ರಜ್ಜಿ, "ಕಳ್ರು ಹೊಡ್ಕೊಂಡೋದ ದನ ತಿರುಗಿಸ್ಕೊಂಡು ಬಂದೋನು ಕಣಪ್ಪ ಅವ್ನು" ಅಂದ್ರು. ಸಂಜೆ ಕತ್ತಲಾದ್ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ (ಹಗಲು ಕಾಣದೇ ಇರೋ ಗೆರೆ ಓರೆ ಬೆಳಕಲ್ಲಿ ಎದ್ದು ಕಾಣತ್ತೆ, ಸೀಮೆಸುಣ್ಣ ಗಿಮೆಸುಣ್ಣ ಉಜ್ಜೋದು ಬೇಡವೇ ಬೇಡ). ಕೆಳಗಿನ ಪಟ್ಟಿಯಲ್ಲಿ ಬಿಲ್ಲುಗಾರ, ಅವನ ಹಿಂದೆ ಸಾಲಾಗಿ ಹಸು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನ ಹೊತ್ಕೊಂಡು ಹೋಗ್ತಿದಾರೆ, ಮೇಲೆ ಲಿಂಗದ ಮುಂದೆ ಕೂತಿದಾನೆ, ತುದಿಯಲ್ಲಿ ಸೂರ್ಯ ಚಂದ್ರ. ತುರುಗಾಳಗದ, ಅಂದ್ರೆ ದನಕ್ಕಾಗಿ ನಡೆದ ಕಾಳಗದಲ್ಲಿ ಸತ್ತೋನ ವೀರಗಲ್ಲು. ಪಟ್ಟಿಗಳ ನಡುವೆ ಉಳಿದಿದ್ದ ಅಕ್ಷರದಲ್ಲೂ ತುರು ಮರಳಿಸಿ ಸತ್ತ ಅಂತಾನೇ ಇತ್ತು. ರಾಜನ ಹೆಸರು ಮರೆತೋಗಿದೆ, ವರ್ಷ ಮರೆತೋಗಿದೆ, ಸತ್ತೋನ ಹೆಸರೂ ಹೋಯ್ತು, ದನ ಮಾತ್ರ ಯಾರೂ ಮರೆತಿಲ್ಲ. ಪಕ್ಕದ ಹೊಲಕ್ಕೆ ಕೊಡಗಿ ಹೊಲ ಅಂತಾರೆ, ಕೊಡಗಿ ಅಂದ್ರೆ ದಾನವಾಗಿ ಬಿಟ್ಟ ಭೂಮಿ. ಕಾಳಗದಲ್ಲಿ ಸತ್ತೋನ ಮನೆಯೋರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಡೋ ಪದ್ಧತಿ ಇತ್ತಲ್ಲ, ಇದು ಅದೇನಾ? ಕೆರೆ ಕಟ್ಟಿಸಿದೋರಿಗೆ ಕೊಡೋದೂ ಕೊಡಗಿನೇ, ಹಾಗಾಗಿ ನೋಟ್ಸಲ್ಲಿ ಪ್ರಶ್ನೆ ಚಿಹ್ನೆ ಹಾಕೇ ಬಿಟ್ಟಿದೀನಿ.

ನೋಟ್ಸ್ ಅಂದ್ರೆ, ಪುಟದ ಎಡಕ್ಕೆ ಕಲ್ಲು ಮತ್ತೆ ದಾಖಲೆ ಹೇಳೋದು, ಬಲಕ್ಕೆ ಜನ ಹೇಳೋದು, ಎರಡನ್ನೂ ಬೆರೆಸಲ್ಲ. ಕೆರೆಗೆ ಸೊಸೆ ಹಾರ ಆದ ಕಥೆ ನಾನು ಹೋದ ಕೆರೆಗಳಲ್ಲೆಲ್ಲಾ ಹೇಳಿದಾರೆ, ಅದನ್ನ ನಿಜವಾ ಸುಳ್ಳಾ ಅಂತ ತನಿಖೆ ಮಾಡೋದು ದಂಡ. ಸೊಸೆ ಯಾರ ಮನೆಯೋಳು ಅಂತಾರೆ, ಇವತ್ತೂ ಬಾಗಿನ ಬಿಡೋ ಹಕ್ಕು ಯಾವ ಮನೆಗಿದೆ, ಅದು ಊರಿಂದೂರಿಗೆ ಬದಲಾಗತ್ತೆ, ಬರ್ಕೊಬೇಕಾದ್ದು ಅದು.

ಕಾಲ ಲೆಕ್ಕ ಹಾಕೋದು ಎರಡು ಥರ. ಶಾಸನದಲ್ಲಿ ಶಕವರ್ಷ ಇದ್ರೆ 78 ಕೂಡಿಸಿ, ಶಕ 1095 ಅಂದ್ರೆ 1173, ಸಂವತ್ಸರದ ಹೆಸರಿದ್ರೆ ತಾಳೆ ನೋಡಿ. ಜನರ ನೆನಪಿಗೆ ಇಸವಿ ಇರಲ್ಲ, ಘಟನೆ ಇರತ್ತೆ. ದಾತು ಈಶ್ವರದ ಬರ ಅಂದ್ರೆ 1876ರಿಂದ 78. "ನಮ್ಮತ್ತೆ ಹುಟ್ಟಿದ್ದು ಗುಡ್ಲಲ್ಲಿ" ಅಂದ್ರೆ ಪ್ಲೇಗ್ ಕಾಲ, ಅದು ಮೈಸೂರು ಸೀಮೆಗೆ 1898ರಲ್ಲಿ ಕಾಲಿಟ್ಟು ಆಮೇಲೂ ಎಷ್ಟೋ ವರ್ಷ ಮತ್ತೆ ಮತ್ತೆ ಬಂತು, ಊರಿಗೂರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕೊಳ್ಳೋರು. ಎಷ್ಟೋ ಪ್ಲೇಗಮ್ಮನ ಗುಡಿ ಹಿಂದೆ ಇರೋದು ಇದೇ ಕಥೆ.

ಲಿಪಿ ಕಲಿಯೋಕೆ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಇದೆ. ಅಷ್ಟು ಪುರುಸೊತ್ತಿಲ್ಲ ಅಂದ್ರೆ ಹೊಯ್ಸಳರ ಕಾಲದ್ದೊಂದು ಅಚ್ಚಾಗಿರೋ ಶಾಸನ ಇಟ್ಕೊಂಡು ಅದೇ ಕಲ್ಲಿನ ಮುಂದೆ ಕೂತು ಒಂದೊಂದೇ ಅಕ್ಷರ ಹೊಂದಿಸ್ತಾ ಹೋಗಿ, ಕೊನೆಯ ಶಾಪದ ಶ್ಲೋಕ ("ಸ್ವದತ್ತಾಂ ಪರದತ್ತಾಂ ವಾ", ದಾನದ ಭೂಮಿ ಕಿತ್ಕೊಂಡೋನು 60,000 ವರ್ಷ ಹೇಸಿಗೆಯಲ್ಲಿ ಹುಳವಾಗ್ತಾನೆ) ಹೆಚ್ಚಿನ ದಾನಶಾಸನದಲ್ಲಿ ಇರೋದ್ರಿಂದ ಅಲ್ಲಿಂದ ಶುರು ಮಾಡಿದ್ರೆ ಬೇಗ ಕೈ ಹತ್ತತ್ತೆ.

ಊರೋರಿಗೆ ನಿಮ್ಮ ಮೇಲೆ ನಿಧಿ ಅನುಮಾನ ಬಂದೇ ಬರತ್ತೆ, ಕಲ್ಲಿನ ಬುಡ ಅಗೆದು ಉರುಳಿಸಿ ಹೋಗಿರೋ ಕಳ್ಳರನ್ನ ಅವರು ನೋಡಿದಾರೆ. ಹಗಲಲ್ಲಿ ಹೋಗಿ, ಪಂಚಾಯ್ತಿಗೆ ಹೇಳಿ, ಟಾರ್ಚ್ ಕೆಲಸಕ್ಕಾದ್ರೆ ಹೊಲದೋರನ್ನೇ ಜೊತೆಗೆ ಕರ್ಕೊಳ್ಳಿ, ಗುದ್ದಲಿ ಮುಟ್ಟಬೇಡಿ. ಹೊಸ ಕಲ್ಲು ಸಿಕ್ಕಿದ್ರೆ ಫೋಟೋ ಮತ್ತೆ ಲೊಕೇಶನ್ ಸಮೇತ ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ. ಮತ್ತೆ ಎಲ್ಲಾದ್ರೂ ಜೀರ್ಣೋದ್ಧಾರದ ಬ್ಯಾನರ್ ಕಂಡ್ರೆ ಮೊದಲು ಅಲ್ಲಿಗೆ ಓಡಿ, ಆಯಿಲ್ ಪೇಂಟು ಸಿಮೆಂಟು ಬೀಳೋ ಮುಂಚೆ ನಾಲ್ಕೂ ಮುಖದ ಫೋಟೋ ಆಗ್ಬೇಕು.