ಅಗ್ಗದ ಜಿಪಿಎಸ್‌ನಿಂದ ಸರಿಯಾದ ಸಮಯ: ತಂತಿ ಎಲ್ಲಿಗೆ, ತಪ್ಪು ಎಲ್ಲಿ

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಗಡಿಯಾರವನ್ನು ಅಗ್ಗದ ಜಿಪಿಎಸ್ ರಿಸೀವರಿನಿಂದ ಸರಿಯಾಗಿ ನಡೆಸಬಹುದು. ನಿಯೋ-6ಎಂ ಅಂಥದೊಂದು ರಿಸೀವರ್ ಮಾಡ್ಯೂಲ್. ಅದರಿಂದ ಸಮಯ ಎರಡು ದಾರಿಯಲ್ಲಿ ಬರುತ್ತದೆ: ಸೀರಿಯಲ್ ತಂತಿಯಲ್ಲಿ ಸಮಯ, ಸ್ಥಳ ಹೇಳುವ ಎನ್‌ಎಂಇಎ ಎಂಬ ಅಕ್ಷರ ಸಾಲುಗಳು, ಇನ್ನೊಂದು ಕಾಲಿನಲ್ಲಿ ಸೆಕೆಂಡಿಗೊಮ್ಮೆ ಮಿಡಿಯುವ ಪಿಪಿಎಸ್. ಅಗ್ಗದ್ದು ಕೆಲಸಕ್ಕೆ ಬಾರದು ಎನ್ನುವವರು ಬಹುಮಟ್ಟಿಗೆ ಮೊದಲನೆಯದನ್ನಷ್ಟೇ ನೋಡಿರುತ್ತಾರೆ. 9600 ಬಾಡ್‌ನಲ್ಲಿ (ಸೀರಿಯಲ್ ತಂತಿಯ ವೇಗ) ಸೆಕೆಂಡಿಗೆ 960 ಅಕ್ಷರ ಸಾಗುತ್ತವೆ. ಒಂದು ಸುತ್ತಿನ ಸಾಲುಗಳೇ ನಾನೂರರ ಆಸುಪಾಸು. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ಕಾಣುವ ಉಪಗ್ರಹಗಳ ಸಂಖ್ಯೆ ಬದಲಾದರೆ ಸಾಲುಗಳೂ ಬದಲಾಗಿ, ಆ ತಡ ಒಂದೇ ಸಮ ಇರುವುದಿಲ್ಲ. ಪಿಪಿಎಸ್‌ಗೆ ತಯಾರಕರು ಕೊಟ್ಟಿರುವ ತಪ್ಪಿನ ಅಂಕಿ ಬರೀ 30 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಸೆಕೆಂಡ್).

ಅನೇಕ ಬೋರ್ಡುಗಳಲ್ಲಿ ಹೊರಗೆ ನಾಲ್ಕೇ ಪಿನ್. ಪಿಪಿಎಸ್ ಇರುವುದು ಮಾಡ್ಯೂಲಿನ 3ನೇ ಕಾಲಿನಲ್ಲಿ. ಅಲ್ಲಿ ಬೆಸುಗೆ ಕಷ್ಟ ಅನಿಸಿದರೆ, ಮಿನುಗುವ ಎಲ್‌ಇಡಿಯ ರೆಸಿಸ್ಟರಿನಲ್ಲಿ ಮಾಡ್ಯೂಲ್ ಕಡೆಯ ತುದಿಗೆ ತಂತಿ ಹಚ್ಚಿ. 3ನೇ ಕಾಲಿಗೂ ಆ ತುದಿಗೂ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ಮೊದಲೇ ನೋಡಿಕೊಳ್ಳಿ. ತಂತಿಯ ಇನ್ನೊಂದು ತುದಿ ರಾಸ್ಪ್‌ಬೆರಿ ಪೈನ 12ನೇ ಪಿನ್ನಿಗೆ, ಅಂದರೆ ಜಿಪಿಐಒ 18ಕ್ಕೆ. ಮಾಡ್ಯೂಲಿನ ಟಿಎಕ್ಸ್, ಅಂದರೆ ಸಾಲುಗಳನ್ನು ಕಳಿಸುವ ಪಿನ್, ಪೈನ 10ನೇ ಪಿನ್ನಿಗೆ, ಗ್ರೌಂಡ್ 6ಕ್ಕೆ.

ಪೈನಲ್ಲಿ ಸೀರಿಯಲ್ ಪೋರ್ಟಿನ ಲಾಗಿನ್ ಕನ್ಸೋಲ್ ಆಫ್ ಮಾಡಿ, ಬೂಟ್ ಸೆಟಿಂಗ್‌ನಲ್ಲಿ ಪಿಪಿಎಸ್ ಓವರ್‌ಲೇ (ಆ ಪಿನ್ನಿನ ಮಿಡಿತ ಗಮನಿಸುವಂತೆ ಮಾಡುವ ಸಾಲು) ಸೇರಿಸಿ, ಮಿಡಿತ ಬರುತ್ತಿದೆಯೇ ಎಂದು ನೋಡುವ ಪಿಪಿಎಸ್‌ಟೆಸ್ಟ್ ಪ್ರೋಗ್ರಾಂ ಓಡಿಸಿ. ಸೆಕೆಂಡಿಗೊಂದು ಸಾಲು ಬಂದರೆ ತಂತಿ ಸರಿ ಇದೆ. ಆಮೇಲೆ ಜಿಪಿಎಸ್ ಸಾಲುಗಳನ್ನು ಓದುವ ಜಿಪಿಎಸ್‌ಡಿ, ಪೈನ ಗಡಿಯಾರ ತಿದ್ದುವ ಕ್ರೋನಿ, ಈ ಎರಡು ಪ್ರೋಗ್ರಾಂ ಹಾಕಿ. ಇದು ಯಾವ ಸೆಕೆಂಡ್ ಎಂದು ಹೇಳುವುದಷ್ಟೇ ಎನ್‌ಎಂಇಎ ಕೆಲಸ, ಆ ಸೆಕೆಂಡ್ ಶುರುವಾಗುವ ಕ್ಷಣ ಪಿಪಿಎಸ್‌ನದು. ಮೊದಲ ಕೆಲವು ಗಂಟೆ ಎನ್‌ಎಂಇಎ ಮೂಲವನ್ನು ಬರೀ ಅಳತೆಗೆ ಇಟ್ಟು, ಇಂಟರ್ನೆಟ್ ಸಮಯದ ಎದುರು ಅದರ ಸರಾಸರಿ ತಡ ನೋಡಿ, ಅದನ್ನು ಕ್ರೋನಿಯ ಆಫ್‌ಸೆಟ್‌ಗೆ (ತಡವನ್ನು ಸರಿದೂಗಿಸುವ ಅಂಕಿ) ಹಾಕಿ. ಇದನ್ನು ಬಿಟ್ಟರೆ ಗಡಿಯಾರ ಪಕ್ಕದ ಸೆಕೆಂಡಿಗೆ ಅಂಟಿಕೊಳ್ಳಬಹುದು.

ತುಮಕೂರು, ಕೋಲಾರದ ಕಡೆ ತಗಡಿನ ಸೂರುಗಳು ಬೇಕಾದಷ್ಟು. ಅದರ ಕೆಳಗಿಟ್ಟ ಆಂಟೆನಾಕ್ಕೆ ಸಿಗ್ನಲ್ ಸಿಗುವುದು ಕಷ್ಟ. ಮ್ಯಾಗ್ನೆಟ್ ತಳದ ಆಂಟೆನಾವನ್ನು ಕಬ್ಬಿಣದ ತಗಡಿನ ಮೇಲೆಯೇ ಕೂರಿಸಿ; ಅಷ್ಟಗಲದ ಲೋಹ ಅದಕ್ಕೆ ಒಳ್ಳೆಯ ತಳವೂ ಹೌದು. ಕೇಬಲ್ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡ ಕೂಡಿಸುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ: ಪೈ ಆ ಮಿಡಿತವನ್ನು ಗಮನಿಸುವುದರಲ್ಲೇ ಕೆಲವು ಮೈಕ್ರೊಸೆಕೆಂಡ್ ಹೋಗುತ್ತವೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ (ವಾತಾವರಣದ ಮೇಲಿನ, ವಿದ್ಯುತ್ ಕಣಗಳ ಪದರ) ಕದಡಿ, ಕೆಲವು ಸಂಜೆ ಸಿಗ್ನಲ್ ತೂಗಾಡುವುದೂ ಉಂಟು.

ಏನು ಕೆಟ್ಟಿದೆ ಎಂಬುದು ತಪ್ಪಿನ ಅಳತೆಯಲ್ಲೇ ಗೊತ್ತಾಗುತ್ತದೆ. ಸರಿಯಾಗಿ 100 ಮಿಲಿಸೆಕೆಂಡ್ ಹಿಂದೆ ಇದ್ದರೆ ಮಿಡಿತದ ಏರುವ ಅಂಚಿನ ಬದಲು ಇಳಿಯುವ ಅಂಚು ಹಿಡಿದಿದ್ದೀರಿ, ಮಿಡಿತದ ಅಗಲ ಅಷ್ಟೇ. ಸರಿಯಾಗಿ 1 ಸೆಕೆಂಡ್ ಆದರೆ ಮೇಲೆ ಹೇಳಿದ ಆಫ್‌ಸೆಟ್ ತಪ್ಪಿದೆ. ಕರೆಂಟ್ ಹೋಗಿ ಬಂದ ಮೇಲೆ ಎರಡು ಮೂರು ಸೆಕೆಂಡ್ ಮುಂದೆ ಓಡುತ್ತಿದ್ದರೆ ಅದು ಅಧಿಕ ಸೆಕೆಂಡಿನ ಲೆಕ್ಕ. ಜಗತ್ತಿನ ಗಡಿಯಾರಗಳ ಆಧಾರ ಸಮಯವಾದ ಯುಟಿಸಿಗೆ ಆಗಾಗ ಒಂದೊಂದು ಸೆಕೆಂಡ್ ಸೇರಿಸಿದ್ದಾರೆ, ಜಿಪಿಎಸ್ ಸಮಯಕ್ಕೆ ಸೇರಿಸಿಲ್ಲ: 2017ರಿಂದ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ, ಮಾಡ್ಯೂಲಿನೊಳಗಿನ ಹಳೆಯ ಫರ್ಮ್‌ವೇರ್‌ನಲ್ಲಿ (ಅದರ ಸ್ವಂತ ಪ್ರೋಗ್ರಾಂ) ಅದಕ್ಕಿಂತ ಕಡಿಮೆ ಅಂಕಿ ಕೂತಿರುತ್ತದೆ. ಉಪಗ್ರಹದಿಂದ ಹೊಸ ಅಂಕಿ ಇಳಿಯಲು 12.5 ನಿಮಿಷದವರೆಗೆ ಕಾಯಬೇಕು. ಪ್ರತಿ ಸಲ ಹೀಗಾದರೆ, ಕರೆಂಟ್ ಇಲ್ಲದಾಗ ಆ ಅಂಕಿ ಉಳಿಸಿಡುವ ಬೋರ್ಡಿನ ಬ್ಯಾಕಪ್ ಬ್ಯಾಟರಿ ಸತ್ತಿದೆ. ಇಸವಿಯೇ ಸುಮಾರು ಇಪ್ಪತ್ತು ವರ್ಷ ಹಿಂದೆ ತೋರಿಸಿದರೆ ಜಿಪಿಎಸ್‌ನ 1024 ವಾರಗಳ ಎಣಿಕೆ ಮುಗಿದು ಮತ್ತೆ ಸೊನ್ನೆಗೆ ಮಗುಚಿಕೊಂಡಿದೆ. ಅಂಥ ಮಾಡ್ಯೂಲಿನ ಮಿಡಿತ ಮಾತ್ರ ಬಳಸಿ, ತಾರೀಖನ್ನು ಇಂಟರ್ನೆಟ್‌ನಿಂದ ತೆಗೆದುಕೊಳ್ಳಿ.