ಸೆನ್ಸರ್ ಅಂಕಿಗಳನ್ನು ಡೇಟಾಬೇಸ್‌ಗೆ ಸೇರಿಸುವುದು ಹೇಗೆ?

ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಡಿಎಸ್18ಬಿ20 ಸೆನ್ಸರ್ ಜೋಡಿಸಿ ಪೈಥಾನ್‌ನಲ್ಲಿ ಉಷ್ಣಾಂಶ ಓದುವುದು ಸುಲಭ. ಓದಿದ್ದನ್ನು ಇನ್‌ಫ್ಲಕ್ಸ್‌ಡಿಬಿಗೆ (ಅಂಕಿಗಳನ್ನು ಸಮಯದ ಜೊತೆ ಉಳಿಸುವ ಡೇಟಾಬೇಸ್) ಕಳಿಸುವಾಗಲೇ ಜಾಸ್ತಿ ಜನ ಎಡವುವುದು.

ಮೊದಲು ಇನ್‌ಫ್ಲಕ್ಸ್‌ಡಿಬಿ 2 ಹಾಕಿಕೊಳ್ಳಿ. ಪೈನಲ್ಲಿ 64 ಬಿಟ್ ಓಎಸ್ ಇರಬೇಕು. ಬ್ರೌಸರ್‌ನಲ್ಲಿ 8086 ಪೋರ್ಟ್ ತೆರೆದು ಒಂದು ಬಕೆಟ್ (ಡೇಟಾ ಇಡುವ ಜಾಗ) ಮಾಡಿ, ಟೋಕನ್ (ಒಳಗೆ ಬರೆಯಲು ಬೇಕಾದ ಗುಪ್ತ ಕೀಲಿ) ಬರೆದಿಟ್ಟುಕೊಳ್ಳಿ. ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಇನ್‌ಫ್ಲಕ್ಸ್‌ಡಿಬಿಯ ಪೈಥಾನ್ ಕ್ಲೈಂಟ್ ಹಾಕಿ, ಅಂಕಿ ಕಳಿಸುವ ಲೈಬ್ರರಿ ಇದೇ.

ಕೋಡ್‌ಗೆ ಕೈ ಹಾಕುವ ಮೊದಲು ಯಾವುದು ಟ್ಯಾಗ್, ಯಾವುದು ಫೀಲ್ಡ್ ಅಂತ ಕಾಗದದ ಮೇಲೆ ಬರೆಯಿರಿ. ಈ ಹಂತ ಬಿಡಲೇಬೇಡಿ. ಯಾವ ಕೋಣೆ, ಯಾವ ಸೆನ್ಸರ್ ಎಂಬುದು ಟ್ಯಾಗ್. ಅಳೆದ ಅಂಕಿ ಫೀಲ್ಡ್. ಉಷ್ಣಾಂಶವನ್ನೇ ಟ್ಯಾಗ್ ಮಾಡಿದರೆ ಪ್ರತಿ ಹೊಸ ಅಂಕಿಗೂ ಹೊಸ ಸೀರೀಸ್ (ಒಂದೇ ಟ್ಯಾಗ್‌ಗಳಿರುವ ಅಂಕಿಗಳ ಸಾಲು) ಹುಟ್ಟಿ ಮೆಮೊರಿ ತಿನ್ನುತ್ತದೆ. ಟ್ಯಾಗ್ ಅಕ್ಷರವಾಗಿ ಉಳಿಯುವುದರಿಂದ ನೇರವಾಗಿ ಸರಾಸರಿಯನ್ನೂ ತೆಗೆಯಲಾಗದು. ಹಾಗಂತ ಟ್ಯಾಗ್ ಬಿಟ್ಟರೆ? ಎರಡು ಸೆನ್ಸರ್‌ಗಳು ಒಂದೇ ಟೈಮ್‌ಸ್ಟ್ಯಾಂಪ್‌ನಲ್ಲಿ ಬರೆದಾಗ ಮೊದಲಿನದರ ಮೇಲೆ ಎರಡನೆಯದು ಕೂರುತ್ತದೆ. ಎರರ್ ಕೂಡ ಬರುವುದಿಲ್ಲ.

ಇನ್ನೊಂದು ಎಡವಟ್ಟು ಅಂಕಿಯ ಬಗೆಯದು. ಮೊದಲ ಸಲ 25 ಅಂತ ಹೋದರೆ ಆ ಫೀಲ್ಡ್ ಪೂರ್ಣಾಂಕದ್ದೆಂದು ದಾಖಲಾಗುತ್ತದೆ. ಆಮೇಲೆ 25.4 ಕಳಿಸಿದರೆ ಡೇಟಾಬೇಸ್ ಒಪ್ಪುವುದಿಲ್ಲ. ಪ್ರತಿ ಅಂಕಿಯನ್ನೂ ಫ್ಲೋಟ್ (ದಶಮಾಂಶ ಅಂಕಿ) ಮಾಡಿಯೇ ಕಳಿಸಿ.

ಸಮಯ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇರಲಿ. ಟೈಮ್‌ಝೋನ್ ಹೇಳದೆ ನಮ್ಮ ಗಡಿಯಾರದ ಸಮಯ ಕೊಟ್ಟರೆ ಕ್ಲೈಂಟ್ ಅದನ್ನು ಯುಟಿಸಿ ಎಂದೇ ತಿಳಿಯುತ್ತದೆ. ಡೇಟಾ ಐದೂವರೆ ಗಂಟೆ ಮುಂದಕ್ಕೆ ಹೋಗಿ ಕೂರುತ್ತದೆ, ಕಳೆದ ಒಂದು ಗಂಟೆಯ ಗ್ರಾಫ್ ಖಾಲಿ ಕಾಣುತ್ತದೆ. ಡೇಟಾ ಬರ್ತಿಲ್ಲ ಅಂತ ಸುಮ್ನೆ ವೈರ್ ಬಿಚ್ಚುವವರು ಮೊದಲು ಇದನ್ನು ನೋಡಿ.

ಕೋಣೆಯ ಉಷ್ಣಾಂಶ ಇದ್ದಕ್ಕಿದ್ದಂತೆ 85 ಡಿಗ್ರಿ ಬಂದರೆ ಅದನ್ನು ಬರೆಯಬೇಡಿ. ಕರೆಂಟ್ ಬಂದ ಕೂಡಲೇ, ಇನ್ನೂ ಅಳೆಯುವ ಮೊದಲು, ಈ ಸೆನ್ಸರ್ ತೋರಿಸುವ ಅಂಕಿ ಅದು. ಅಂದಹಾಗೆ, ಮಾರುಕಟ್ಟೆಯಲ್ಲಿ ಇದರ ನಕಲಿ ಚಿಪ್‌ಗಳು ತುಂಬಾ ಇವೆ. ತೀರಾ ಅಗ್ಗದ್ದಕ್ಕೆ ಹೋಗಬೇಡಿ.

ನಿಮಿಷಕ್ಕೊಂದು ಅಂಕಿಯಾದರೆ ಸಿಂಕ್ರೊನಸ್ ರೈಟ್ (ಪ್ರತಿ ಅಂಕಿಯನ್ನೂ ಆಗಲೇ ಬರೆಯುವುದು) ಸಾಕು, ಎರರ್ ಅಲ್ಲೇ ಕಾಣುತ್ತದೆ. ಬ್ಯಾಚ್ (ಅಂಕಿಗಳನ್ನು ಕೂಡಿಸಿ ಒಟ್ಟಿಗೆ ಕಳಿಸುವುದು) ಬಳಸಿದರೆ ಕ್ಲೈಂಟ್ 1000 ಪಾಯಿಂಟ್ ಸೇರುವವರೆಗೆ ಅಥವಾ ಒಂದು ಸೆಕೆಂಡ್ ಕಳೆಯುವವರೆಗೆ ಕಾಯುತ್ತದೆ. ಕ್ಲೋಸ್ ಮಾಡದೆ ಪ್ರೋಗ್ರಾಂ ನಿಂತರೆ ಕೊನೆಯ ಅಂಕಿಗಳು ಹೋದಂತೆಯೇ.

ಬಕೆಟ್‌ಗೆ ರಿಟೆನ್ಷನ್ ಅವಧಿಯನ್ನು (ಎಷ್ಟು ದಿನದ ನಂತರ ಹಳೆ ಡೇಟಾ ಅಳಿಯಬೇಕು ಎಂಬುದು) ಇವತ್ತೇ ಹಾಕಿ, ಎಸ್‌ಡಿ ಕಾರ್ಡ್ ಬದಲು ಎಸ್‌ಎಸ್‌ಡಿ ಬಳಸಿ. ಬರೆಯುತ್ತಲೇ ಇದ್ದರೆ ಕಾರ್ಡ್ ಬೇಗ ಸವೆಯುತ್ತದೆ.